ಮಂಗಳವಾರ ಬಂದ ಮಾತು

ನಾನು ಹನ್ನೆರಡನೆಯ ಇಯತ್ತೆಯಲ್ಲಿದ್ದ ವರ್ಷ ನಮ್ಮ ಮನೆಯ ಮೇಲಿನ ಖೋಲಿಗೆ ಟಾಂಜಾನಿಯಾದ ಒಬ್ಬ ಹೆಣ್ಣುಮಗಳು ಬಾಡಿಗೆಗೆ ಬಂದಳು. ತೊಂಬತ್ತರ ದಶಕ ಮುಗಿಯಲು ಬಂದಿತ್ತು. ಪುಣೆಯ ಕೊಂಢವಾದಲ್ಲಿ ನಾವಿದ್ದ ಗಲ್ಲಿಯ ಹಿಂದೆ ಇನ್ನೂ ಬಯಲಿತ್ತು, ಬಯಲಿನಲ್ಲಿ ಸಿಮೆಂಟಿನ ಕಂಬಗಳು ಏಳುತ್ತಿದ್ದವು. ಅಪ್ಪ ಇಂಡಿ ಕಡೆಯವರು. ಲಾರಿ ಸಾಗಣೆಯ ಒಂದು ಕಚೇರಿಯಲ್ಲಿ ಕಾರಕೂನರಾಗಿದ್ದರು. ಬಂದವಳು ತನ್ನ ಊರಿನಲ್ಲಿ ಶಾಲೆಯ ಶಿಕ್ಷಕಿ, ಬಿ.ಎಡ್. ಓದಲು ಪುಣೆಗೆ ಬಂದಿದ್ದಳು. ವಯಸ್ಸು ಮೂವತ್ತರ ಹತ್ತಿರ. ನಮ್ಮಲ್ಲಿಗೆ ಬರುವ ಮೊದಲು ಐದಾರು ಮನೆ ನೋಡಿದ್ದಳಂತೆ. ಎಲ್ಲ ಕಡೆಯೂ ಅವಳ ಮುಖ ನೋಡಿದ ಮೇಲೆ ಖೋಲಿ ಖಾಲಿ ಇಲ್ಲ ಎಂದಿದ್ದರು. ಅಪ್ಪನೂ ಬಾಗಿಲಲ್ಲೇ ತಡವರಿಸಿದರು. ಅವ್ವ ಒಳಗಿನಿಂದ ಬಂದು ಆಕೆಯನ್ನೂ ಆಕೆಯ ಎರಡು ಪೆಟ್ಟಿಗೆಗಳನ್ನೂ ನೋಡಿದಳು. "ಮೊದ್ಲ ಒಂದ ತಂಬಿಗಿ ನೀರ ಕೊಡ ಅಕಿಗೆ. ಬಿಸಲಾಗ ನಿಂತಾಳ," ಎಂದು ನನಗೆ ಹೇಳಿದಳು. ಅಲ್ಲಿಗೆ ಮಾತು ಮುಗಿಯಿತು.

ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ನಮ್ಮವ್ವನನ್ನು ನಾನು ಕರೆದ ಹಾಗೇ ಅವ್ವಾ ಎಂದು ಕರೆಯುತ್ತಿದ್ದಳು. ಅವ್ವನಿಗೆ ಕನ್ನಡ ಮತ್ತು ಪೇಟೆಗೆ ಸಾಕಾಗುವಷ್ಟು ಮರಾಠಿ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಅಕ್ಕನಿಗೆ ಇಂಗ್ಲಿಷು ಮತ್ತು ಅವಳ ಸ್ವಾಹಿಲಿ. ನಡುವೆ ನಾನು, ಅರ್ಧಂಬರ್ಧ ಇಂಗ್ಲಿಷಿನವಳು. ಹಾಗಿದ್ದೂ ಅವರಿಬ್ಬರೂ ಒಲೆಯ ಮುಂದೆ ತಾಸುಗಟ್ಟಲೆ ಕೂಡುತ್ತಿದ್ದರು. ಒಂದು ದಿನ ಅಕ್ಕ ಗೋವಿನಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ತಿರುವಿ ಗಟ್ಟಿ ಮಾಡಿ ಕೊಟ್ಟಾಗ ಅವ್ವ ಒಂದು ತುತ್ತು ಬಾಯಿಗಿಟ್ಟು, "ಏ, ಇದು ನಮ್ಮ ನುಚ್ಚಿನಂಗ ಅದಲ್ಲ! ಅಷ್ಟ ದೂರ ಹೋದ್ರೂ ಮಂದಿ ಇದನ್ನ ತಿಂತಾರ ನೋಡ," ಎಂದು ಮೆಚ್ಚಿಕೊಂಡಳು.

ಮನೆಯಲ್ಲಿರುವಾಗ ಅಕ್ಕ ಕಾಂಗಾ ಎನ್ನುವ ಬಟ್ಟೆಯನ್ನು ಸುತ್ತಿಕೊಳ್ಳುತ್ತಿದ್ದಳು. ಹತ್ತಿಯ ಬಟ್ಟೆ, ಸುತ್ತ ದೊಡ್ಡ ಅಂಚು, ಕೆಳಗಡೆ ಒಂದು ಸಾಲು ಅಕ್ಷರ ಅಚ್ಚಾಗಿರುತ್ತಿತ್ತು. ಒಂದೊಂದು ಬಟ್ಟೆಗೆ ಒಂದೊಂದು ಸಾಲು. ಮಾಳಿಗೆಯ ಮೇಲೆ ಅವುಗಳನ್ನು ಒಣಹಾಕುವಾಗ ಅವ್ವ ಕೇಳಿದಳು, "ಏನ ಬರದದ ಕೇಳ ಅಕಿಗೆ."

ಅವೆಲ್ಲ ತಮ್ಮ ಕಡೆಯ ಗಾದೆಗಳು ಎಂದಳು ಅಕ್ಕ. ಒಂದೆರಡರ ಅರ್ಥ ಹೇಳಿದಳು. ಮೂರನೆಯದಕ್ಕೆ ನಕ್ಕಳು. ಆಮೇಲೆ ತನ್ನ ಮನೆಯ ಒಂದು ಸಂಗತಿ ಹೇಳಿದಳು. ಅವಳ ತಾಯಿಗೂ ಚಿಕ್ಕಮ್ಮನಿಗೂ ಏನೋ ಮನಸ್ತಾಪವಾಗಿ ಮಾತು ನಿಂತಿತ್ತಂತೆ. ಚಿಕ್ಕಮ್ಮ ಒಂದು ಕಾಂಗಾ ಉಟ್ಟುಕೊಂಡು ಮೂರು ದಿನ ಇವರ ಬಾಗಿಲ ಮುಂದಿನಿಂದಲೇ ನೀರಿಗೆ ಹೋದಳು. ತಾಯಿ ಅದರ ಮೇಲಿನ ಸಾಲನ್ನು ಓದಿದಳು. ನಾಲ್ಕನೆಯ ದಿನ ಪೆಟ್ಟಿಗೆ ತೆಗೆದು, ಹುಡುಕಿ, ಬೇರೊಂದು ಸಾಲಿನ ಕಾಂಗಾ ಉಟ್ಟು ಅಂಗಳ ಗುಡಿಸಲು ನಿಂತಳು. ಐದನೆಯ ದಿನ ಇಬ್ಬರೂ ಒಂದೇ ಒಲೆಯ ಮುಂದೆ ಕೂತಿದ್ದರು. ಯಾರೂ ಬಾಯಿ ಬಿಟ್ಟು ಕ್ಷಮೆ ಕೇಳಲಿಲ್ಲ, ಯಾರೂ ಕೊಡಲಿಲ್ಲ.

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಅವ್ವ ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. "ಭಾಳ ಶಾಣ್ಯಾ ಮಂದಿ," ಎಂದಳು.

ಆ ದಿನದಿಂದ ನಾನು ಒಂದು ವಹಿಯಲ್ಲಿ ಅಕ್ಕನ ಗಾದೆಗಳನ್ನು ಬರೆದಿಡಲು ಶುರು ಮಾಡಿದೆ. ಅವಳಿಗೆ ಅದು ಅಷ್ಟು ಸರಿ ಬರಲಿಲ್ಲ. ಬರೀ ಸಾಲುಗಳನ್ನು ಪಟ್ಟಿ ಮಾಡಿದ್ದು ನೋಡಿ, "ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವಾಗ ಹೇಳಿದರು, ಅದನ್ನೂ ಬರಿ. ಅದಿಲ್ಲದಿದ್ದರೆ ನಿನಗೆ ಏನು ಸಿಕ್ಕಹಾಗಾಯಿತು?" ಎಂದಳು. ನಾನು ಹೂಂ ಎಂದೆ. ಮೊದಲ ನಾಲ್ಕೈದಕ್ಕೆ ಹಾಗೆಯೇ ಬರೆದೆ. ಆಮೇಲೆ ಬೇಸರವಾಗಿ ನಂಬರು ಹಾಕುತ್ತ ಬರೀ ಸಾಲನ್ನೇ ಬರೆಯತೊಡಗಿದೆ. ನಲವತ್ತು ದಾಟಿತ್ತು. ನನ್ನ ಗೆಳತಿಯರು ಹಾಡು ಬರೆದಿಟ್ಟುಕೊಳ್ಳುತ್ತಿದ್ದ ಕಾಲ ಅದು. ನನ್ನ ಹತ್ತಿರ ಯಾರ ಹತ್ತಿರವೂ ಇಲ್ಲದ್ದು ಇದೆ ಎಂಬ ಸೊಕ್ಕು ನನಗೆ. ಭಾನುವಾರ ಬೆಳಗ್ಗೆ ಅಕ್ಕ ಆ ವಹಿ ನೋಡಿ ತಪ್ಪು ತಿದ್ದಿ ಕೊಡುತ್ತಿದ್ದಳು.

ಅವಳ ತಾಯಿಯ ಊರಿನಲ್ಲಿ ಫೋನ್ ಇರಲಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಯಾವಾಗಲೂ ಭಾನುವಾರ, ಅವಳ ಸೋದರಮಾವ ಹತ್ತಿರದ ಪಟ್ಟಣಕ್ಕೆ ಬಂದು ನಮ್ಮ ಮನೆಯ ಫೋನಿಗೆ ಕರೆ ಮಾಡುತ್ತಿದ್ದ. ಆತ ನಿವೃತ್ತ ಮಾಸ್ತರ. ಅವ್ವ ಫೋನಿನ ಮೇಲೆ ಹೆಣಿಕೆಯ ಬಟ್ಟೆ ಮುಚ್ಚಿಟ್ಟಿರುತ್ತಿದ್ದಳು. ಗಂಟೆ ಬಾರಿಸಿದರೆ ಅದನ್ನು ತೆಗೆದು, ಮಡಚಿ, ಆಮೇಲೆ ರಿಸೀವರ್ ಎತ್ತುವವಳು ಅವಳು.

ಆ ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮರುದಿನ ಕೆಮಿಸ್ಟ್ರಿ ಪೇಪರು. ಅಪ್ಪ ಕಚೇರಿಗೆ, ಅವ್ವ ದೇವಸ್ಥಾನಕ್ಕೆ, ಅಕ್ಕ ಕಾಲೇಜಿನವರು ಗೊತ್ತುಮಾಡಿದ ಶಾಲೆಗೆ ಪಾಠ ಮಾಡಲು ಹೋಗಿದ್ದರು. ಫೋನ್ ಬಂತು. ನಾನು ಹಲೋ ಎಂದರೆ ಅದು ಅಲ್ಲಿಗೆ ಮುಟ್ಟಿ, ಆ ಕಡೆಯ ದನಿ ತಿರುಗಿ ಬರಲು ಹೊತ್ತು ಹಿಡಿಯುತ್ತಿತ್ತು. ಮಾವನೇ. ಅವಳು ಇದ್ದಾಳೆಯೇ ಎಂದು ಕೇಳಿದ. ಇಲ್ಲ ಎಂದೆ. ಆಮೇಲೆ, "ಮಗಳೇ, ಪೆನ್ನು ತಗೊ. ನಾನು ಹೇಳಿದ್ದನ್ನು ಒಂದು ಪದವನ್ನೂ ಬಿಡದೆ ಬರೆದುಕೊ," ಎಂದ.

ಇಂಗ್ಲಿಷಿನಲ್ಲಿ ನಿಧಾನವಾಗಿ ಒಂದು ವಾಕ್ಯ ಹೇಳಿದ. ಅದರಲ್ಲಿ ಒಂದು ಮರದ ಮಾತಿತ್ತು. ಒಂದು ಪದ ನನಗೆ ತಿಳಿಯಲಿಲ್ಲ, ಸ್ಪೆಲಿಂಗ್ ಕೇಳಿದೆ. ಶಾಲೆಯಲ್ಲಿ ಹೇಳುವಂತೆ ಒಂದೊಂದೇ ಅಕ್ಷರ ಹೇಳಿದ. "ಓದು," ಎಂದ. ಓದಿದೆ. "ಒಳ್ಳೆಯದು. ಅವಳಿಗೆ ಇದನ್ನು ಹೇಳು. ನಾವು ಅವಳ ಫೋನಿಗೆ ಕಾಯುತ್ತೇವೆ," ಎಂದ. ಲೈನು ಹೋಯಿತು.

ನನಗೆ ಖುಷಿಯಾಯಿತು. ಆ ಖುಷಿಯನ್ನೂ ಈಗ ಮುಚ್ಚಿಡದೆ ಹೇಳಬೇಕು. ಹೊಸದೊಂದು ಗಾದೆ ಸಿಕ್ಕಿತು, ಅದೂ ನೇರವಾಗಿ ಆಫ್ರಿಕಾದಿಂದಲೇ ಬಂದದ್ದು ಎಂದು ಖುಷಿಯಾಯಿತು. ವಹಿಯಲ್ಲಿ ನಂಬರು ಹಾಕಿ ಚೆಂದದ ಅಕ್ಷರದಲ್ಲಿ ಬರೆದುಕೊಂಡೆ. ಭಾನುವಾರವಲ್ಲದ ದಿನ ಎಂದೂ ಬರದ ಫೋನು ಮಂಗಳವಾರ ಯಾಕೆ ಬಂತು ಎಂದು ನನಗೆ ಹೊಳೆಯಲಿಲ್ಲ. ಸಂಜೆ ಅಕ್ಕ ಬಂದಾಗ ನಾನು ಬಾಗಿಲು ಹಾಕಿಕೊಂಡು ಓದುತ್ತಿದ್ದೆ. ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಬುಧವಾರ ಪೇಪರು ಮುಗಿಸಿ ಬಸ್ಸಿನಲ್ಲಿ ಬರುವಾಗ ನೆನಪಾಗಿತ್ತು. ಭಾನುವಾರ ಹೇಗೂ ವಹಿ ನೋಡುತ್ತಾಳಲ್ಲ, ಅವಳು ಹೇಳಿಕೊಡದ ಗಾದೆಯನ್ನು ಅವಳಿಗೇ ತೋರಿಸಿ ಚಕಿತಗೊಳಿಸೋಣ ಎಂದುಕೊಂಡೆ.

ಗುರುವಾರ ಎದುರು ಮನೆಯಲ್ಲಿ ಕೂಸಿನ ಹೆಸರಿಡುವ ಬಾರಸೆ ಇತ್ತು. ಅವ್ವ ಅಕ್ಕನಿಗೆ ತನ್ನ ಹಸಿರು ಇಳಕಲ್ ಸೀರೆ ಉಡಿಸಿ ಕರೆದುಕೊಂಡು ಹೋದಳು. ಮೊದಮೊದಲು ಆಕೆಯನ್ನು ಕಂಡು ಮುಖ ತಿರುಗಿಸುತ್ತಿದ್ದ ಆ ಮನೆಯ ಅಜ್ಜಿ ಈಗ ತಾನೇ ಕೈಹಿಡಿದು ತೊಟ್ಟಿಲ ಹತ್ತಿರ ಕೂರಿಸಿದಳು. ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಕೂಡಲೇ ಅಕ್ಕ ಎದ್ದು ನಿಂತು, ನಾಲಗೆಯನ್ನು ಬಾಯಿಯೊಳಗೆ ಅತ್ತಿತ್ತ ಹೊರಳಿಸುತ್ತ, ಕೊರಳೆತ್ತಿ ಒಂದು ಕೇಕೆ ಹಾಕಿದಳು. ಅವರ ಕಡೆ ಹೆಂಗಸರು ಸಂತೋಷಕ್ಕೆ ಹಾಕುವ ಕೇಕೆಯಂತೆ. ಅಂಥದ್ದನ್ನು ನಮ್ಮ ಗಲ್ಲಿ ಕೇಳಿರಲಿಲ್ಲ. ಹೆಂಗಸರು ನಕ್ಕರು, ಚಪ್ಪಾಳೆ ತಟ್ಟಿದರು, "ಆಣಿಕ್, ಆಣಿಕ್," ಇನ್ನೊಮ್ಮೆ ಎಂದರು. ಅಕ್ಕ ಇನ್ನೊಮ್ಮೆ ಹಾಕಿದಳು, ಮತ್ತೊಮ್ಮೆ ಹಾಕಿದಳು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಭಾನುವಾರ ಬೆಳಗ್ಗೆ ಚಹಾ ಕುಡಿಯುತ್ತ ಅಕ್ಕ ವಹಿ ತೆಗೆದಳು. ಒಂದೆರಡು ಕಡೆ ಅಕ್ಷರ ತಿದ್ದಿದಳು. ಕೊನೆಯ ಪುಟಕ್ಕೆ ಬಂದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಚಕಿತಳಾಗುವುದನ್ನು ನೋಡಲು.

ಅವಳು ಓದಿದಳು. ಬಟ್ಟಲನ್ನು ನೆಲಕ್ಕಿಟ್ಟಳು. "ಇದನ್ನು ಯಾರು ಹೇಳಿದರು?"

"ನಿಮ್ಮ ಮಾವ. ಫೋನಿನಲ್ಲಿ."

"ಯಾವಾಗ?"

ಏನೋ ಕೆಟ್ಟದ್ದಾಗಿದೆ ಎಂದು ಆ ಕ್ಷಣ ನನಗೆ ತಿಳಿಯಿತು. "ನಿನ್ನೆ," ಎಂದೆ.

"ನನ್ನ ಅಮ್ಮ ಸತ್ತಿದ್ದಾಳೆ," ಎಂದಳು ಅಕ್ಕ. ಎಷ್ಟು ಮೆಲ್ಲಗೆ ಹೇಳಿದಳೆಂದರೆ ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಕೇಳಿಸಲಿಲ್ಲ. ನಾನು ಹೋಗಿ ಹೇಳಬೇಕಾಯಿತು.

ಅಪ್ಪ ಅಂಗಿ ಹಾಕಿಕೊಂಡು ಅವಳನ್ನು ರಸ್ತೆಗಳು ಕೂಡುವಲ್ಲಿದ್ದ ಐಎಸ್‌ಡಿ ಬೂತಿಗೆ ಕರೆದುಕೊಂಡು ಹೋದರು. ಮಾವ ಪಟ್ಟಣದ ಆ ಫೋನಿಗೇ ಸಿಕ್ಕ. ಹೊರಳಿ ಬರಲು ಒಂದು ತಾಸಾಯಿತು. ಗಾಜಿನ ಬಾಗಿಲ ಆಚೆ ಅಪ್ಪ ನಿಂತಿದ್ದರಂತೆ. ಅವಳು ಮಾತಾಡಿದ್ದು ಕಡಿಮೆ, ಕೇಳಿಸಿಕೊಂಡದ್ದೇ ಹೆಚ್ಚು ಎಂದರು. ಅಕ್ಕ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಅವ್ವ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು. ನನಗೆ ಹೇಳಿದಳು, "ಸುದ್ದಿ ಯಾವಾಗ ಬಂತಂತ ಕೇಳ. ಫೋನ್ ಬಂದದ್ದು ನಮಗ್ಯಾರಿಗೂ ಗೊತ್ತ ಇಲ್ಲ."

ನಾನು ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿತ್ತು. ತಿರುಗಿಸಿದೆ. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಬೂತಿನಲ್ಲಿ ಮಾವ ಎಲ್ಲ ಹೇಳಿದ್ದಾನೆ, ಅವಳಿಗೆ ಗೊತ್ತಿದೆ ಎಂದು ಆ ನೋಟದಲ್ಲೇ ತಿಳಿಯಿತು. ಬೈಯುತ್ತಾಳೆ ಎಂದು ನಿಂತೆ.

"ನಿನ್ನೆ," ಎಂದಳು ಅಕ್ಕ.

ಅವ್ವ ನನ್ನ ಕಡೆ ನೋಡಿದಳು. ನಾನು ಕನ್ನಡದಲ್ಲಿ ಹೇಳಿದೆ: "ನಿನ್ನೆ ಅಂತ."

ಮೂರು ದಿನ ಅವಳ ದೇಶದ ವಿದ್ಯಾರ್ಥಿಗಳು ಬಂದು ನಮ್ಮ ಹಾಲಿನಲ್ಲಿ ಚಾಪೆಯ ಮೇಲೆ ಕೂತರು. ಅವ್ವ ಅದನ್ನು ನಮ್ಮ ಮನೆಯ ಸಾವು ಎಂದೇ ನಡೆಸಿದಳು. ಎದುರು ಮನೆಯವರು ಕಡಲೆಹಿಟ್ಟಿನ ಪಿಠಲ, ಜೋಳದ ಭಾಕರಿ ಕಳಿಸಿದರು. ನಾನು ಎಲ್ಲರಿಗೂ ಚಹಾ ಕೊಟ್ಟೆ. ಬಂದವರೆಲ್ಲ ನನ್ನ ತಲೆ ಸವರಿ ಒಳ್ಳೆಯ ಹುಡುಗಿ ಎಂದರು.

ವಾರವಾದ ಮೇಲೆ ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ನಾನೊಬ್ಬಳೇ ಸಿಕ್ಕಾಗ ಅಕ್ಕ ಕೂತು ಮಾತಾಡಿದಳು. ಅವರ ಕಡೆ ಸಾವಿನ ಸುದ್ದಿಯನ್ನು ಯಾರೂ ಒಮ್ಮೆಲೇ ಹೇಳುವುದಿಲ್ಲವಂತೆ. ಹಿರಿಯರೊಬ್ಬರು ಬಂದು ಮೊದಲು ಒಂದು ಗಾದೆ ಹೇಳುತ್ತಾರೆ. ಕೇಳಿದವರಿಗೆ ಕೂರಲು, ಗೋಡೆ ಹಿಡಿದುಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ. ಮರದ ಆ ಗಾದೆ ಅವರ ಮನೆಯದೇ. ಅವಳ ತಂದೆ ಸತ್ತ ದಿನ ತಾಯಿ ಅದನ್ನೇ ಹೇಳಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳಂತೆ. ಅದಕ್ಕೇ ಮಾವ ಅದನ್ನೇ ಆರಿಸಿದ್ದ.

"ಗುರುವಾರ ಹೂಳಿದರು," ಎಂದಳು. "ಹೂಳುವ ಮೊದಲು ಮಾವ ಪಟ್ಟಣದ ಫೋನಿನ ಹತ್ತಿರ ಮಧ್ಯಾಹ್ನದವರೆಗೆ ಕಾದನಂತೆ. ನಾನು ಬರಲಾರೆ ಎಂದು ಅವರಿಗೆ ಗೊತ್ತಿತ್ತು. ಬಂದು ಮುಟ್ಟುವಷ್ಟು ಹತ್ತಿರವಿಲ್ಲ. ಆ ಹೊತ್ತಿಗೆ ನನಗೆ ಗೊತ್ತಿರಬೇಕು ಎಂದಷ್ಟೇ ಅವರ ಆಸೆ."

ಗುರುವಾರ ಎಂದಾಗ ನಮ್ಮಿಬ್ಬರಿಗೂ ಬಾರಸೆ ನೆನಪಾಯಿತು. ಅವಳು ಅದರ ಹೆಸರೆತ್ತಲಿಲ್ಲ. ಕೈಯಲ್ಲಿದ್ದ ಬಟ್ಟೆಯ ಚಿಮಟಿಗೆಯನ್ನು ಒತ್ತಿ ಬಿಡುತ್ತ ಕೂತಿದ್ದಳು.

"ಆ ಹುಡುಗಿ ಸ್ಪೆಲಿಂಗ್ ಕೇಳಿ ಬರೆದುಕೊಂಡಳು, ಅದಕ್ಕೇ ನಂಬಿದೆ ಎಂದ ಮಾವ."

ಆ ಪುಟ ಹರಿದುಬಿಡುತ್ತೇನೆ ಎಂದು ನಾನು ಅಳುತ್ತ ಎದ್ದೆ. ಬೇಡ ಎಂದಳು. ವಹಿ ತರಿಸಿದಳು. ಆ ಸಾಲಿನ ಕೆಳಗೆ ಬೆರಳಿಟ್ಟು, "ಯಾರು, ಯಾರಿಗೆ, ಯಾವಾಗ? ಬರಿ," ಎಂದಳು. ಮಾವ, ಅಕ್ಕನಿಗೆ ಎಂದು ಬರೆದೆ. ಯಾವಾಗ ಎನ್ನುವಲ್ಲಿ ಪೆನ್ನು ನಿಂತಿತು. ಅವಳು ಕಾದಳು. ಮಂಗಳವಾರ, ಮಧ್ಯಾಹ್ನ ಎಂದು ಬರೆದೆ. ಅವಳು ಓದಿ, ವಹಿ ಮುಚ್ಚಿ ನನ್ನ ಕೈಗೆ ಕೊಟ್ಟು ಕೆಳಗಿಳಿದು ಹೋದಳು.

ಅವಳು ಆಮೇಲೂ ನನ್ನೊಡನೆ ಮಾತಾಡುತ್ತಿದ್ದಳು, ಇಂಗ್ಲಿಷು ಹೇಳಿಕೊಡುತ್ತಿದ್ದಳು. ಗಾದೆ ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೇ ತಿಂಗಳಲ್ಲಿ ಕೋರ್ಸು ಮುಗಿಸಿ ಊರಿಗೆ ಹೋದಳು. ಅವ್ವನಿಗೆ ಒಂದು ಕಾಂಗಾ ಕೊಟ್ಟಳು, ಅವ್ವ ಅವಳಿಗೆ ಹಸಿರು ಇಳಕಲ್ ಸೀರೆ ಕೊಟ್ಟಳು. ಅವಳು ಹೋದ ಮೇಲೆ ಬಹಳ ದಿನ, ಎದುರು ಮನೆಯ ಕಿಟಕಿಯಿಂದ ಹೆಂಗಸರು ನಕ್ಕ ಸದ್ದು ಬಂದರೆ ಸಾಕು, ಅದರ ಹಿಂದೆಯೇ ಆ ಕೇಕೆ ಬರುತ್ತದೆ ಎಂದು ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಬಾರಸೆಗಳಿಗೆ ಹೋಗುವುದನ್ನು ಬಿಟ್ಟೆ. ಹೆಸರಿಟ್ಟ ಆ ಕೂಸು ನಮ್ಮ ಕಣ್ಣೆದುರೇ ಬೆಳೆಯಿತು, ನಡೆಯಿತು, ಶಾಲೆಗೆ ಹೋಯಿತು. ಅದರ ಒಂದೊಂದು ಹುಟ್ಟುಹಬ್ಬಕ್ಕೂ ಅಕ್ಕನ ತಾಯಿ ಸತ್ತು ಎಷ್ಟು ವರ್ಷವಾಯಿತು ಎಂದು ನನಗೆ ತಿಳಿಯುತ್ತಿತ್ತು.

ಮುಂದೆ ನಾನು ಮಗರಪಟ್ಟಾ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮುಂದಿನ ಕೌಂಟರಿನ ಕೆಲಸಕ್ಕೆ ಸೇರಿದೆ. ಅಕ್ಕ ಹೋಗಿ ಏಳೆಂಟು ವರ್ಷವಾಗಿತ್ತು. ಸುತ್ತ ಎಲ್ಲಿ ನೋಡಿದರೂ ಗೋಪುರದಂಥ ಕಟ್ಟಡಗಳು ಏಳುತ್ತಿದ್ದವು, ಕಟ್ಟುವವರು ಹೆಚ್ಚಾಗಿ ಯಾದಗಿರಿ, ರಾಯಚೂರು ಕಡೆಯವರು. ಒಂದು ಬೆಳಗ್ಗೆ ಗೋಡೆಗೆ ಕಟ್ಟಿದ ಬಿದಿರಿನ ಪರಂಚಿಯಿಂದ ಬಿದ್ದವನೊಬ್ಬನನ್ನು ತಂದರು. ಉಳಿಯಲಿಲ್ಲ. ಅವನ ಹೆಂಡತಿ ಸಿಮೆಂಟು ಮೆತ್ತಿದ ಕೈಯಲ್ಲೇ ನನ್ನ ಕೌಂಟರಿಗೆ ಬಂದಳು, ನಾನು ಕನ್ನಡದವಳು ಎಂದು ಯಾರೋ ಹೇಳಿದ್ದರು. ಒಂದು ಚೀಟಿ ಕೊಟ್ಟಳು, ಊರಿನ ಕಿರಾಣಿ ಅಂಗಡಿಯ ನಂಬರು. "ನಮ್ಮ ಮಾವಗ ನೀವ ಹೇಳ್ರಿ ಅಕ್ಕಾರ. ನನ್ನ ಬಾಯಿಲೆ ಆಗೂದಿಲ್ಲರಿ."

ಅಂಗಡಿಯವನು ಮುದುಕನನ್ನು ಕರೆಸುತ್ತೇನೆ, ಹತ್ತು ನಿಮಿಷ ಬಿಟ್ಟು ಮಾಡಿ ಎಂದ. ಆ ಹತ್ತು ನಿಮಿಷದಲ್ಲಿ ನಾನು ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ನಮ್ಮ ಕಡೆ ಸತ್ತ ಸುದ್ದಿ ಹೆಂಗ ಹೇಳ್ತಾರ? ಹಿರ್ಯಾರು ಹೆಂಗ ಹೇಳ್ತಿದ್ರು?"

ಅವ್ವ ಯಾಕೆ ಎಂದು ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ತನ್ನ ಅಜ್ಜಿ ಹೇಳುತ್ತಿದ್ದ ಒಂದು ಗಾದೆ ಹೇಳಿಕೊಟ್ಟಳು. ಆಮೇಲೆ, "ಮೊದ್ಲ ಕುಂದ್ರಾಕ ಹೇಳ. ಬಾಜೂಕ ಯಾರರ ಅದಾರೇನು ಕೇಳ. ಆಮ್ಯಾಲ ಇದನ್ನ ಹೇಳ. ಹೇಳಿ ಸುಮ್ನಿರ, ಅವಸರ ಮಾಡಬ್ಯಾಡ," ಎಂದಳು.

ಹಾಗೆಯೇ ಮಾಡಿದೆ. ಆ ಕಡೆ ಅಂಗಡಿಯ ತಕ್ಕಡಿಯ ಸರಪಳಿ ಅಲುಗಾಡಿದ್ದು ಕೇಳಿಸಿತು. ಆಮೇಲೆ ಮುದುಕ, "ತಿಳೀತವ್ವಾ," ಎಂದ. ಮತ್ತೆ, "ಸೊಸಿ ಉಂಡಾಳೇನು? ಅಕಿನ ಒಬ್ಬಾಕಿನ ಬಿಡಬ್ಯಾಡ ತಾಯಿ," ಎಂದ.

ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಮಂಗಳವಾರದ ಫೋನು, ನನ್ನ ಸುಳ್ಳು, ಅಕ್ಕ ಹೇಳಿದ ಸುಳ್ಳು. ಅವ್ವ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಗೊತ್ತೈತಿ," ಎಂದಳು.

"ಹೆಂಗ?"

"ಅಕಿ ಹೋಗೂ ಹಿಂದಿನ ದಿನ ಹೇಳಿದ್ಲು. ಕ್ಯಾಲೆಂಡರಿನ್ಯಾಗ ಮಂಗಳವಾರದ ಮ್ಯಾಲ ಬಟ್ಟಿಟ್ಲು, ಫೋನ್ ತೋರಿಸಿದ್ಲು, ನಿನ್ನ ಹಾಸಿಗಿ ತೋರಿಸಿದ್ಲು. ಆಮ್ಯಾಲ ನನ್ನ ಬಾಯಿ ಮ್ಯಾಲ ಕೈ ಇಟ್ಲು, ನಿನಗೇನೂ ಅನಬಾರದಂತ."

"ಇಷ್ಟ ವರ್ಷ ನೀ ಒಂದ ಮಾತೂ ಅನಲಿಲ್ಲಲ್ಲವ್ವಾ."

"ನೀನ ಹೇಳ್ತಿ ಅಂತ ಕುಂತಿದ್ದೆ," ಎಂದಳು ಅವ್ವ. ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದಳು. "ಕೇಳಿ ನನಗೇನ ಮಾಡೂದೈತಿ? ಅಕಿಗೆ ಬರೀ."

ಬರೆದೆ. ನನಗೆ ಬರುವ ಇಂಗ್ಲಿಷಿನಲ್ಲಿ, ಬುಧವಾರ ಬಸ್ಸಿನಲ್ಲಿ ನೆನಪಾಗಿದ್ದನ್ನೂ ಬಿಡದೆ, ಮೂರು ಪುಟ. ತನ್ನ ಊರಿನಲ್ಲಿ ಅವಳು ಪಾಠ ಮಾಡುತ್ತಿದ್ದ ಶಾಲೆಯ ವಿಳಾಸವಷ್ಟೇ ನಮ್ಮ ಹತ್ತಿರವಿತ್ತು. ಉತ್ತರ ಬರಲಿಲ್ಲ. ಪತ್ರ ವಾಪಸೂ ಬರಲಿಲ್ಲ. ಇನ್ನೆರಡು ಬಾರಿ ಬರೆದೆ. ಮೊದಮೊದಲು ಅವ್ವ ದಿನವೂ ಪೋಸ್ಟ್‌ಮನ್ ಬಂದಿದ್ದನೇ ಎಂದು ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನು ಬಿಟ್ಟಳು.

ಅಪ್ಪ ನಿವೃತ್ತರಾದ ಮೇಲೆ ನಾವು ಕೊಂಢವಾದ ಮನೆ ಬಿಟ್ಟು ಪುಣೆಯ ಇನ್ನೊಂದು ತುದಿಯ ವಾಕಡಕ್ಕೆ ಬಂದೆವು. ಸಾಮಾನು ಹೇರಿದ ಟೆಂಪೊ ಮುಂದೆ ಹೋಯಿತು. ನಾನು ಅರ್ಧ ದಾರಿಯಲ್ಲಿ ರಿಕ್ಷಾ ತಿರುಗಿಸಿ ಹಳೆಯ ಪೋಸ್ಟಾಫೀಸಿಗೆ ಹೋದೆ. ಒಂದು ಕಾಗದದ ಮೇಲೆ ಹೊಸ ವಿಳಾಸವನ್ನು ಬಿಡಿಬಿಡಿ ಅಕ್ಷರಗಳಲ್ಲಿ ಬರೆದು, ವಿದೇಶದಿಂದ ನಮ್ಮ ಹೆಸರಿಗೆ ಏನಾದರೂ ಬಂದರೆ ಇಲ್ಲಿಗೆ ಕಳಿಸಿ ಎಂದು ಅಲ್ಲಿ ಕೂತಿದ್ದ ಹೆಣ್ಣುಮಗಳಿಗೆ ಕೊಟ್ಟೆ. ಆಕೆ ಅದನ್ನು ಮೇಜಿನ ಗಾಜಿನ ಕೆಳಗೆ ಸರಿಸಿ, ಯಾರ ಪತ್ರ ಬರಬೇಕು ಎಂದು ಮರಾಠಿಯಲ್ಲಿ ಕೇಳಿದಳು.

"ಬಹಿಣೀಚಂ," ನನ್ನ ಅಕ್ಕನದು, ಎಂದೆ.